ಕಂಟಕಶೋಧನಕ್ಕೆ ಯಾರು ಅರ್ಹರು?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಷೆರೀಫನೆಂಬ ಅಧಿಕಾರಿಯೊಬ್ಬನಿರುವನು. ನಕ್ಷತ್ರಾಕಾರದ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಕುದುರೆಯ ಮೇಲೆ ಬರುವ ಈತನನ್ನು ಚಲಚ್ಚಿತ್ರಗಳ ಮೂಲಕ ನಮ್ಮ ಮನೆಗಳ ಹುಡುಗರು ಚೆನ್ನಾಗಿ ಬಲ್ಲರು. ಕನ್ನಡ ನಾಡಿನ ಅನೇಕ ಕುಟುಂಬಗಳು ಆ ದೇಶದಲ್ಲಿ ನೆಲಸಿ ಅಲ್ಲಿಯ ಮತದಾನದ ಹಕ್ಕನ್ನೂ ಪಡೆದಿರುವುದರಿಂದ, ಷೆರೀಫನಾಗಲು ಏನು ಓದಿರಬೇಕು, ಯಾರು ಆಗಬಹುದು ಎಂಬ ಪ್ರಶ್ನೆಯು ಈಗ ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. ಪ್ರಶ್ನೆಯು ಪರದೇಶದ್ದಾದರೂ ಅದಕ್ಕೆ ಸಮಾಧಾನವನ್ನು ಹುಡುಕುತ್ತ ಹೋದರೆ ನಮ್ಮ ಊರಿನ ಪೊಲೀಸು ಠಾಣೆಯ ಬಾಗಿಲಿಗೇ ಬಂದು ನಿಲ್ಲಬೇಕಾಗುವುದು. ಆದುದರಿಂದ ಈ ತಿಂಗಳು ಇದೇ ವಿಷಯವನ್ನು ವಾಚಕರ ಮುಂದಿಡುತ್ತೇನೆ.

ಷೆರೀಫ್ ಎಂಬ ಶಬ್ದವು ಇಂಗ್ಲೆಂಡಿನಲ್ಲಿ ಹುಟ್ಟಿದುದು. ‘ಷೈರ್’ ಎಂದರೆ ಸೀಮೆ. ‘ರೀವ್’ ಎಂದರೆ ಅರಸನ ಪರವಾಗಿ ಅದನ್ನು ನೋಡಿಕೊಳ್ಳತಕ್ಕವನು. ಎರಡೂ ಕೂಡಿ, ನಾಲಗೆಯಲ್ಲಿ ಸವೆದು, ಷೆರೀಫ್ ಎಂದಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೀಮೆಯ ಅಧಿಕಾರಿ. ಇವನು ಅರಸನ ಕಂದಾಯವನ್ನು ವಸೂಲು ಮಾಡುತ್ತಿದ್ದನು, ಕಳ್ಳರನ್ನು ಹಿಡಿಯುತ್ತಿದ್ದನು, ಸೆರೆಮನೆಯನ್ನು ಕಾಯುತ್ತಿದ್ದನು. ಇಷ್ಟು ಅಧಿಕಾರಗಳು ಒಬ್ಬನ ಕೈಯಲ್ಲಿ ಸೇರಿದರೆ ಪ್ರಜೆಗಳ ಪಾಡೇನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಕ್ರಿ. ಶ. ೧೨೧೫ರಲ್ಲಿ ಆ ದೇಶದ ಪ್ರಮುಖರು ಜಾನ್ ದೊರೆಯನ್ನು ಇಕ್ಕಟ್ಟಿಗೆ ಸಿಕ್ಕಿಸಿ ಮಹಾಸನ್ನದಿಗೆ ಮುದ್ರೆ ಹಾಕಿಸಿಕೊಂಡಾಗ, ಅದರ ೪೫ನೆಯ ಕಲಮಿನಲ್ಲಿ ಷೆರೀಫರ ಅರ್ಹತೆಯನ್ನೂ ಬರೆಯಿಸಿದರು. ದೇಶದ ಕಾನೂನನ್ನು ಬಲ್ಲವರನ್ನೂ, ಅದನ್ನು ಚೆನ್ನಾಗಿ ಪಾಲಿಸುವ ಮನಸ್ಸುಳ್ಳವರನ್ನೂ ಹೊರತು ಬೇರೆಯವರನ್ನು ನ್ಯಾಯಾಧಿಪತಿಗಳನ್ನಾಗಲಿ ಷೆರೀಫರನ್ನಾಗಲಿ ಮಾಡುವುದಿಲ್ಲವೆಂದು ದೊರೆಯು ಮಾತು ಕೊಟ್ಟನು. ಇಲ್ಲಿ ಅರ್ಹತೆಗಳು ಎರಡೇ. ಒಂದು ಬಲ್ಲವಿಕೆ, ಇನ್ನೊಂದು ಪಾಲಿಸುವ ಮನಸ್ಸು. ವಾಚಕರು ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದಿನ ಮಾತೆಲ್ಲವೂ ಇವುಗಳ ಸುತ್ತಲೇ ಇರುವುದು.

ಅಮೆರಿಕದಲ್ಲಿ ಸಂಸ್ಥಾನವನ್ನು ಕೌಂಟಿಗಳೆಂಬ ವಿಭಾಗಗಳಾಗಿ ಹಂಚಿದ್ದಾರೆ. ದೇಶದಲ್ಲಿ ಸುಮಾರು ೩೦೦೦ ಮಂದಿ ಷೆರೀಫರುಂಟು. ಬಹುತೇಕ ಸಂಸ್ಥಾನಗಳಲ್ಲಿ ಇವರನ್ನು ಜನರೇ ಮತ ಕೊಟ್ಟು ಆರಿಸುವರು; ಅವಧಿಯು ಸಾಮಾನ್ಯವಾಗಿ ೪ ವರ್ಷ. ಅರ್ಹತೆಯು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ದೇಶದ ಪ್ರಜೆಯಾಗಿರಬೇಕು, ಅದೇ ಕೌಂಟಿಯ ನಿವಾಸಿಯೂ ಮತದಾರನೂ ಆಗಿರಬೇಕು, ಘೋರಾಪರಾಧದಲ್ಲಿ ಶಿಕ್ಷೆಗೊಳಗಾದವನಾಗಿರಕೂಡದು ಎಂಬಿವು ಸಾಮಾನ್ಯವಾಗಿ ಕಾಣುವ ನಿಯಮಗಳು. ಪೊಲೀಸು ಕೆಲಸದಲ್ಲಿ ಪೂರ್ವಾನುಭವ ಬೇಕೆಂಬ ನಿಯಮವು ಕೆಲವು ಕಡೆ ಉಂಟು, ಕೆಲವು ಕಡೆ ಇಲ್ಲ. ಕ್ಯಾಲಿಫೋರ್ನಿಯದಲ್ಲಿ ಅಂಥ ಅನುಭವವೋ ತತ್ಸಂಬಂಧವಾದ ಪ್ರಮಾಣಪತ್ರವೋ ಇರಬೇಕೆಂದು ಕಾನೂನು ಮಾಡಿದ್ದಾರೆ. ಒಟ್ಟಿನಲ್ಲಿ ಅವರು ನಂಬಿರುವುದು ನೆರೆಹೊರೆಯವರ ತೀರ್ಪನ್ನು. ಒಬ್ಬನು ಎಂಥವನೆಂಬುದು ಅವನ ಸೀಮೆಯವರಿಗೆ ತಿಳಿದಿರುವುದಷ್ಟೆ. ಅವರೇ ಆರಿಸಲಿ, ಕೆಟ್ಟರೆ ಅವರೇ ಇಳಿಸಲಿ ಎಂಬುದು ಅದರ ಆಶಯ. ಇದರಲ್ಲಿ ಗುಣವುಂಟು, ಆದರೆ ಮತವನ್ನು ಬೇಡಿ ಅಧಿಕಾರಕ್ಕೆ ಬಂದವನು ಮತ ಕೊಟ್ಟವನನ್ನು ಹಿಡಿಯಬೇಕಾದಾಗ ಕೈ ನಡುಗೀತೆಂಬ ದೋಷವೂ ಉಂಟು.

ನಮ್ಮ ದೇಶದಲ್ಲಿಯೂ ಮುಂಬಯಿ, ಕಲ್ಕತ್ತೆ, ಮದರಾಸುಗಳಲ್ಲಿ ಆಂಗ್ಲರು ಷೆರೀಫರನ್ನು ನೇಮಿಸಿದರು. ಕಾಲಕ್ರಮದಲ್ಲಿ ಅದು ಸಭೆ ಸಮಾರಂಭಗಳ ಗೌರವದ ಪದವಿಯಾಗಿ ಉಳಿಯಿತು. ಅಮೆರಿಕದ ಷೆರೀಫನ ಕೆಲಸವನ್ನು ನಮ್ಮಲ್ಲಿ ಮಾಡತಕ್ಕವನು ಬೇರೆ. ಗ್ರಾಮಾಂತರದಲ್ಲಿ ಮೊದಲಿದ್ದವನು ಪಟೇಲನು, ಈಗಿರುವವನು ಠಾಣಾಧಿಕಾರಿ. ಅವನಿಗೆ ಯಾವ ಅರ್ಹತೆ ಬೇಕೆಂಬುದನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಯೋಚಿಸಿದ್ದರು.

ಯಾಜ್ಞವಲ್ಕ್ಯಸ್ಮೃತಿಯಲ್ಲಿ ಚೌರೋದ್ಧರ್ತಾ ಎಂಬ ಅಧಿಕಾರಿಯ ಹೆಸರು ಬರುತ್ತದೆ. ಕಳ್ಳರನ್ನು ಕಿತ್ತುಹಾಕತಕ್ಕವನೆಂದು ಇದರ ಅರ್ಥ. ಊರಿನಲ್ಲಿ ಕೊಲೆಯೋ ಕಳವೋ ನಡೆದು, ಕಳ್ಳನ ಹೆಜ್ಜೆಯು ಊರಿನಿಂದ ಹೊರಗೆ ಹೋದ ಗುರುತು ಕಾಣದಿದ್ದರೆ ಅದರ ಹೊಣೆಯು ಗ್ರಾಮಾಧಿಪತಿಯದು. ಗೋಮಾಳದಲ್ಲಿ ನಡೆದರೆ ಗೋಮಾಳದ ಒಡೆಯನದು. ದಾರಿಯಲ್ಲಿ ನಡೆದರೆ ಈ ಚೌರೋದ್ಧರ್ತನದು ಎಂದು ಅಲ್ಲಿ ನಿರ್ಣಯಿಸಿದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನು ಗ್ರಂಥವನ್ನು ರಚಿಸಿದ ಕಲ್ಯಾಣವು ನಮ್ಮ ಇಂದಿನ ಬಸವಕಲ್ಯಾಣವೇ. ಕಳವಾದ ಸೊತ್ತನ್ನು ಪ್ರಜೆಗೆ ಹಿಂದಕ್ಕೆ ಕೊಡಿಸುವುದು ಅರಸನ ಕರ್ತವ್ಯವೆಂದೂ ಅದೇ ಸ್ಮೃತಿಯು ವಿಧಿಸುತ್ತದೆ. ಅಂದರೆ, ಅಧಿಕಾರವನ್ನು ಕೊಡುವಾಗಲೇ ಹೊಣೆಯನ್ನೂ ಅದರ ಕೊರಳಿಗೆ ಕಟ್ಟಿದ್ದರು.

ಕೌಟಿಲ್ಯನು ಇನ್ನೂ ಮುಂದೆ ಹೋಗಿದ್ದಾನೆ. ಅವನ ಅರ್ಥಶಾಸ್ತ್ರದ ಹಸ್ತಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳವರ ಕೈಗೆ ೧೯೦೫ರಲ್ಲಿ ಸಿಕ್ಕಿ, ೧೯೦೯ರಲ್ಲಿ ಮುದ್ರಿತವಾಗಿ, ೧೯೧೫ರಲ್ಲಿ ಇಂಗ್ಲಿಷಿಗೆ ಅನುವಾದವಾದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ಗ್ರಂಥದ ನಾಲ್ಕನೆಯ ಅಧಿಕರಣಕ್ಕೆ ‘ಕಂಟಕಶೋಧನ’ವೆಂದು ಹೆಸರು. ಜನರ ಬಾಳಿನ ದಾರಿಯಲ್ಲಿ ಬಿದ್ದಿರುವ ಮುಳ್ಳುಗಳನ್ನು ಹುಡುಕಿ ತೆಗೆಯುವುದೆಂದು ತಾತ್ಪರ್ಯ. ಕಳ್ಳರು, ಮೋಸಗಾರರು, ಕೊಲೆಗಡುಕರು ಮಾತ್ರ ಮುಳ್ಳುಗಳೆಂದು ಕೌಟಿಲ್ಯನು ಭಾವಿಸಿಲ್ಲ. ಅಧಿಕಾರಿಯೂ ಮುಳ್ಳಾಗಬಹುದೆಂದು ಅವನಿಗೆ ಗೊತ್ತಿತ್ತು. ಬಂಧನದಲ್ಲಿರುವವನಿಗೆ ಅನ್ನ ನೀರನ್ನು ತಪ್ಪಿಸಿದವನಿಗೆ, ಅವನಿಂದ ಲಂಚ ತಿಂದವನಿಗೆ, ಅವನನ್ನು ಹೊಡೆದು ಕೊಂದವನಿಗೆ ಬೇರೆಬೇರೆ ದಂಡಗಳನ್ನು ಅದೇ ಅಧಿಕರಣದಲ್ಲಿ ವಿಧಿಸಿದ್ದಾನೆ.

ಇಂಥ ಕೆಲಸಕ್ಕೆ ಯಾರನ್ನು ನೇಮಿಸಬೇಕು? ವಿದ್ಯೆಯಿದ್ದರೆ ಸಾಲದು, ಮೈಕಟ್ಟಿದ್ದರೆ ಸಾಲದು, ಪರೀಕ್ಷಿಸಿ ನೋಡಬೇಕೆನ್ನುತ್ತಾನೆ. ಅದಕ್ಕಾಗಿ ನಾಲ್ಕು ಉಪಧೆಗಳನ್ನು, ಎಂದರೆ ಗುಪ್ತಪರೀಕ್ಷೆಗಳನ್ನು ಹೇಳಿದ್ದಾನೆ: ಧರ್ಮ, ಅರ್ಥ, ಕಾಮ, ಭಯ. ಅರಸನು ಅಧರ್ಮಿಯೆಂದು ಹೇಳಿ ದ್ರೋಹಕ್ಕೆ ಕರೆಯುವುದು ಮೊದಲನೆಯದು. ಹಣದ ಆಸೆಯನ್ನು ತೋರಿಸುವುದು ಎರಡನೆಯದು. ಹೆಣ್ಣಿನ ಆಸೆಯನ್ನು ಒಡ್ಡುವುದು ಮೂರನೆಯದು. ಸೆರೆಯ ಭೀತಿಯಲ್ಲಿ ಕೆಡವಿ ನೋಡುವುದು ನಾಲ್ಕನೆಯದು. ಧರ್ಮದ ಪರೀಕ್ಷೆಯಲ್ಲಿ ಶುದ್ಧನಾದವನನ್ನು ನ್ಯಾಯಸ್ಥಾನಕ್ಕೂ ಕಂಟಕಶೋಧನಕ್ಕೂ, ಅರ್ಥದ ಪರೀಕ್ಷೆಯಲ್ಲಿ ಶುದ್ಧನಾದವನನ್ನು ಕಂದಾಯ ಮತ್ತು ಭಂಡಾರಗಳಿಗೂ ನೇಮಿಸಬೇಕೆಂದು ವಿಧಿಸುತ್ತಾನೆ. ಎಲ್ಲ ಪರೀಕ್ಷೆಗಳಲ್ಲಿಯೂ ಸೋತವನನ್ನು ಗಣಿ, ಕಾಡು, ಕಾರ್ಖಾನೆಗಳ ಕಡೆಗೆ ಕಳುಹಿಸಬೇಕಂತೆ. ಪ್ರಜೆಗಳ ಮೇಲಿನ ಅಧಿಕಾರವನ್ನು ಮಾತ್ರ ಅವನಿಗೆ ಕೊಡಕೂಡದು.

ಇಷ್ಟೆಲ್ಲ ಹೇಳಿ ಕೌಟಿಲ್ಯನು ಕೊನೆಯಲ್ಲಿ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಪರೀಕ್ಷೆಯ ನೆವದಿಂದ ಕೆಡದವನನ್ನು ಕೆಡಿಸಬಾರದು. ಅದು ತಿಳಿನೀರಿಗೆ ವಿಷ ಬೆರೆಸಿದಂತೆ. ಒಮ್ಮೆ ಕೆಟ್ಟ ಮನಸ್ಸಿಗೆ ಮದ್ದು ದೊರೆಯದೆ ಹೋಗಬಹುದು ಎಂಬುದು ಅದರ ಸಾರ. ಇಂದಿನ ತಾಯಿತಂದೆಗಳಿಗೆ ಈ ಎಚ್ಚರಿಕೆಯು ಎಷ್ಟು ಸಲ್ಲುತ್ತದೆಂಬುದನ್ನು ಮುಂದೆ ನೋಡೋಣ.

ಅರ್ಹತೆಯನ್ನು ನೋಡದೆ ಬಾಂಧವ್ಯವನ್ನು ನೋಡಿ ಅಧಿಕಾರವನ್ನು ಕೊಟ್ಟರೆ ಏನಾಗುವುದೆಂಬುದಕ್ಕೆ ಕಾಳಿದಾಸನ ಶಾಕುಂತಲದ ಆರನೆಯ ಅಂಕದ ಮೊದಲಿನಲ್ಲಿ ಒಂದು ನಿದರ್ಶನವುಂಟು. ಬಸವಪ್ಪಶಾಸ್ತ್ರಿಗಳವರ ಕನ್ನಡ ಶಾಕುಂತಲವನ್ನು ಓದಿದ ಮನೆಗಳವರಿಗೆ ಇದು ಹೊಸದಲ್ಲ. ಅಲ್ಲಿ ನಗರರಕ್ಷಣೆಯ ಅಧಿಕಾರಿಯಾದವನು ರಾಜನ ಮೈದುನ. ಅವನ ಕೈಕೆಳಗೆ ಸೂಚಕ, ಜಾನುಕರೆಂಬ ಇಬ್ಬರು ಕಾವಲುಗಾರರು. ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಉಂಗುರವನ್ನು ಮಾರಲು ಬಂದ ಬಡ ಬೆಸ್ತನನ್ನು ಇವರು ಕಟ್ಟಿ, ಹೊಡೆದು, ಅವನ ಕುಲಕಸುಬನ್ನು ಹಳಿದು, ಅವನನ್ನು ಕೊಲ್ಲುವುದಕ್ಕೆ ಕೈ ತುರಿಸುತ್ತಿದೆಯೆಂದು ಹಾಸ್ಯವಾಡುವರು. ಬೆಸ್ತನು ನಿಜವನ್ನೇ ನುಡಿದನೆಂದು ಗೊತ್ತಾಗಿ ರಾಜನು ಅವನಿಗೆ ಹಣವನ್ನು ಕೊಡಿಸಿದ ಕೂಡಲೆ, ಅದೇ ಕಾವಲುಗಾರರು ಅವನ ಸ್ನೇಹಿತರಾಗಿ, ಅದರಲ್ಲಿ ಪಾಲು ತೆಗೆದುಕೊಂಡು, ಎಲ್ಲರೂ ಸೇರಿ ಹೆಂಡದಂಗಡಿಯ ಕಡೆಗೆ ನಡೆಯುವರು. ಸಭಿಕರು ನಗುವರು. ಆದರೆ ಉಂಗುರವು ರಾಜನಿಗೆ ಗುರುತು ಹತ್ತದೆ ಹೋಗಿದ್ದರೆ ಆ ಬೆಸ್ತನ ಗತಿಯೇನಾಗುತ್ತಿತ್ತೆಂಬುದನ್ನು ಯೋಚಿಸಿದರೆ ನಗು ನಿಲ್ಲುವುದು.

ಈಗ ನಮ್ಮ ಸೀಮೆಗೆ ಬರೋಣ. ಹಳೆಯ ಮೈಸೂರು ಸಂಸ್ಥಾನದ ಗ್ರಾಮಗಳಲ್ಲಿ ಶಾಂತಿಪಾಲನೆಯ ಭಾರವು ಪಟೇಲನ ಮೇಲಿತ್ತು. ಲೆಕ್ಕಕ್ಕೆ ಶಾನುಭೋಗ, ಕಾವಲಿಗೆ ತಳವಾರ ಮತ್ತು ತೋಟಿ, ನೀರಿಗೆ ನೀರಗಂಟಿ. ಪಟೇಲನಾಗಲು ಮುಖ್ಯವಾಗಿ ಬೇಕಾಗಿದ್ದ ಅರ್ಹತೆಯೆಂದರೆ ಪಟೇಲನ ಮನೆಯಲ್ಲಿ ಹುಟ್ಟಿರುವುದು. ೧೯೦೮ರ ಮೈಸೂರು ಗ್ರಾಮಾಧಿಕಾರಗಳ ಕಾನೂನೂ ಈ ವಂಶಪರಂಪರೆಯನ್ನು ಇಟ್ಟುಕೊಂಡಿತು. ಊರಿನ ಜಗಳವನ್ನು ಊರಿನಲ್ಲಿಯೇ ಮುಗಿಸಿ, ಬಡವನು ಕೋರ್ಟಿನ ಮೆಟ್ಟಿಲು ಹತ್ತದಂತೆ ನೋಡಿಕೊಂಡ ಪಟೇಲರು ಇದ್ದರು. ಚಾವಡಿಯ ಕಂಬವನ್ನು ಕಂಡರೆ ಕೂಲಿಯವನು ನಡುಗುವಂತೆ ಮಾಡಿದವರೂ ಇದ್ದರು. ಮಗುವು ಎಂಥದಾದೀತೆಂದು ತೊಟ್ಟಿಲಿನಲ್ಲಿ ತಿಳಿಯದು. ಅಧಿಕಾರವು ಮಾತ್ರ ತೊಟ್ಟಿಲಿನಲ್ಲಿಯೇ ನಿಶ್ಚಯವಾಗುತ್ತಿತ್ತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು ಈ ಪದ್ಧತಿಯು ಮುಗಿಯಿತು. ಅಂದಿನಿಂದ ಹುಟ್ಟಿಗೆ ಬದಲಾಗಿ ಪರೀಕ್ಷೆಯೊಂದೇ ಬಾಗಿಲಾಗಿದೆ.

ಆ ಬಾಗಿಲನ್ನು ದಾಟಲು ಇಂದು ಬೇಕಾದುದೇನು? ಮನೆಯಲ್ಲಿ ಪದವಿಯನ್ನು ಮುಗಿಸಿದ ಮಕ್ಕಳಿರುವ ಗೃಹಸ್ಥರು ಇದನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು. ಕರ್ನಾಟಕದಲ್ಲಿ ಪೊಲೀಸ್ ಸಬ್‌ಇನ್ಸ್‌ಪೆಕ್ಟರನಾಗಲು ಭಾರತದ ಪ್ರಜೆಯಾಗಿರಬೇಕು. ಅಂಗೀಕೃತ ವಿಶ್ವವಿದ್ಯಾನಿಲಯವೊಂದರ ಪದವಿಯಿರಬೇಕು. ೨೧ ವರ್ಷ ತುಂಬಿರಬೇಕು. ವಯಸ್ಸಿನ ಮೇಲ್ಮಿತಿಯನ್ನು ಸರ್ಕಾರದವರು ಆಗಾಗ ಬದಲಾಯಿಸಿರುವುದರಿಂದಲೂ, ಹಿಂದುಳಿದ ವರ್ಗದವರಿಗೂ ಪರಿಶಿಷ್ಟರಿಗೂ ಬೇರೆ ಮಿತಿಯಿರುವುದರಿಂದಲೂ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿಕೊಳ್ಳತಕ್ಕದ್ದು. ಸೇವೆಯಲ್ಲಿರುವ ಕಾನ್‌ಸ್ಟೇಬಲ್ಲುಗಳಿಗೂ ಕೆಲವು ಸ್ಥಾನಗಳನ್ನು ಮೀಸಲಿಡುವುದುಂಟು. ದೇಹದಾರ್ಢ್ಯದ ವಿಷಯದಲ್ಲಿ ಗಂಡಸರಿಗೆ ೧೬೮ ಸೆಂಟಿಮೀಟರ್ ಎತ್ತರವೂ, ೮೬ ಸೆಂಟಿಮೀಟರ್ ಎದೆಯ ಸುತ್ತಳತೆಯೂ ಬೇಕು. ಉಸಿರೆಳೆದಾಗ ಎದೆಯು ೫ ಸೆಂಟಿಮೀಟರ್ ಹಿಗ್ಗಬೇಕು. ಹೆಂಗಸರಿಗೆ ೧೫೭ ಸೆಂಟಿಮೀಟರ್ ಎತ್ತರವೂ ೪೫ ಕಿಲೋಗ್ರಾಂ ತೂಕವೂ ಇರಬೇಕು. ೨೦೨೧ರ ನೇಮಕಾತಿಯಲ್ಲಿ ಗಂಡಸರು ೧೬೦೦ ಮೀಟರನ್ನು ೭ ನಿಮಿಷಗಳಲ್ಲಿಯೂ, ಹೆಂಗಸರು ೪೦೦ ಮೀಟರನ್ನು ೨ ನಿಮಿಷಗಳಲ್ಲಿಯೂ ಓಡಬೇಕಾಗಿತ್ತು. ಉದ್ದ ಅಥವಾ ಎತ್ತರದ ಜಿಗಿತ, ಗುಂಡೆಸೆತ ಇವೂ ಇದ್ದವು.

ಇವನ್ನು ಗೆದ್ದವರಿಗೆ ಲಿಖಿತ ಪರೀಕ್ಷೆ. ಮೊದಲನೆಯ ಪತ್ರಿಕೆಗೆ ೫೦ ಅಂಕಗಳು. ಇದರಲ್ಲಿ ಪ್ರಬಂಧ, ಸಂಕ್ಷೇಪ ಲೇಖನ, ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಭಾಷಾಂತರ. ಎರಡನೆಯದಕ್ಕೆ ೧೫೦ ಅಂಕಗಳು. ಸಾಮಾನ್ಯ ಜ್ಞಾನ ಮತ್ತು ಬುದ್ಧಿಶಕ್ತಿಯ ಪ್ರಶ್ನೆಗಳು. ಓಟಕ್ಕೆ ಅಭ್ಯಾಸ ಮಾಡುವ ಹುಡುಗರು ಮೊದಲನೆಯ ಪತ್ರಿಕೆಯನ್ನು ಕಡೆಗಣಿಸುವರು; ಹಾಗೆ ಮಾಡಬಾರದು. ಠಾಣೆಯಲ್ಲಿ ಕುಳಿತವನ ಜೀವನವೆಲ್ಲವೂ ಬರವಣಿಗೆಯೇ. ನೊಂದವನ ಮಾತನ್ನು ಕೇಳಿ ಅದರ ಸಾರವನ್ನು ತಪ್ಪಿಲ್ಲದೆ ಬರೆಯುವುದು, ಮಹಜರಿನಲ್ಲಿ ಕಂಡದ್ದನ್ನು ಕಂಡಂತೆ ಬರೆಯುವುದು, ಇವುಗಳಲ್ಲಿ ಒಂದು ವಾಕ್ಯವು ಸಡಿಲವಾದರೆ ಕಳ್ಳನು ತಪ್ಪಿಸಿಕೊಳ್ಳುವನು, ಇಲ್ಲವೆ ನಿರಪರಾಧಿಯು ಸಿಕ್ಕಿಬೀಳುವನು.

ಇದಕ್ಕೂ ಮೇಲಿನ ಸ್ಥಾನಗಳಿಗೆ ಬೇರೆ ದಾರಿಗಳುಂಟು. ಡಿ.ವೈ.ಎಸ್.ಪಿ. ಸ್ಥಾನಕ್ಕೆ ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆಯಿಂದಲೂ ಹೋಗಬಹುದು. ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟ್ ಸಾಮಾನ್ಯವಾಗಿ ಐ.ಪಿ.ಎಸ್. ಅಧಿಕಾರಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯನ್ನು ಗೆದ್ದು, ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ಅಕಾಡೆಮಿಯಲ್ಲಿ ಶಿಕ್ಷಣ ಪಡೆದು ಬರುವವರು. ಹೆಣ್ಣುಮಕ್ಕಳಿಗೆ ಇದು ಹೇಳಿಸಿದ ಕೆಲಸವಲ್ಲವೆಂಬ ಮಾತು ಇನ್ನೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ೧೯೭೨ರಲ್ಲಿ ಕಿರಣ್ ಬೇಡಿಯವರು ಐ.ಪಿ.ಎಸ್. ಸೇರಿದರು; ೨೦೧೭ರಲ್ಲಿ ನೀಲಮಣಿ ರಾಜು ಅವರು ನಮ್ಮ ರಾಜ್ಯದ ಇಡೀ ಪೊಲೀಸು ದಳಕ್ಕೆ ಮುಖ್ಯಸ್ಥರಾದರು. ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯವರಾದರೂ ಆ ಮಾತನ್ನು ಆಡಬಾರದು.

ಮೇಲೆ ಹೇಳಿದ ಅರ್ಹತೆಗಳೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ, ಮಹಾಸನ್ನದಿನ ಎರಡು ಅರ್ಹತೆಗಳಲ್ಲಿ ಮೊದಲನೆಯದಕ್ಕೆ ಮಾತ್ರ ಇವು ಸಾಲುವುವು. ಎತ್ತರವನ್ನು ಅಳೆಯಬಹುದು, ಓಟಕ್ಕೆ ಗಡಿಯಾರ ಹಿಡಿಯಬಹುದು, ಜ್ಞಾನಕ್ಕೆ ಅಂಕ ಕೊಡಬಹುದು. ಪಾಲಿಸುವ ಮನಸ್ಸನ್ನು ಅಳೆಯುವ ಕೋಲು ಯಾವ ಮೈದಾನದಲ್ಲಿಯೂ ಇಲ್ಲ. ಅದಕ್ಕಾಗಿ ಸರ್ಕಾರದವರು ಅಭ್ಯರ್ಥಿಯ ಪೂರ್ವಾಪರವನ್ನು ವಿಚಾರಿಸುವರು. ಗುಣನಡತೆಯ ಪತ್ರವನ್ನು ಕೇಳುವರು. ಪಾಠಶಾಲೆಯ ಕೆಲಸದಲ್ಲಿದ್ದಷ್ಟು ಕಾಲ ಇಂಥ ಪತ್ರಗಳಿಗೆ ರುಜು ಹಾಕುವುದು ನನ್ನ ಕರ್ತವ್ಯಗಳಲ್ಲೊಂದಾಗಿತ್ತು. ಆ ಹಾಳೆಯಲ್ಲಿ ಒಂದು ಸಾಲಿಗೆ ಮಾತ್ರ ಜಾಗವಿರುವುದು. ಆ ಸಾಲು ನಿಜವಾಗಿರಬೇಕಾದರೆ ಅದನ್ನು ಹುಡುಗನು ಹತ್ತಾರು ವರ್ಷ ಮನೆಯಲ್ಲಿ ಬದುಕಿ ಬರೆದಿರಬೇಕು. ಮೇಷ್ಟರು ಬರೆಯುವುದು ಅದರ ನಕಲು ಮಾತ್ರ.

ಈ ಎರಡನೆಯ ಅರ್ಹತೆಯು ಬಾಗಿಲಿನಲ್ಲಿಯೇ ಸತ್ತುಹೋಗುವ ಬಗೆಯನ್ನು ನಾಡು ಈಚೆಗೆ ಕಣ್ಣಾರೆ ಕಂಡಿತು. ೫೪೫ ಸಬ್‌ಇನ್ಸ್‌ಪೆಕ್ಟರ್ ಸ್ಥಾನಗಳಿಗಾಗಿ ೨೦೨೧ರ ಅಕ್ಟೋಬರ್ ೩ರಂದು ಪರೀಕ್ಷೆ ನಡೆಯಿತು. ೫೦,೦೦೦ಕ್ಕೂ ಹೆಚ್ಚು ಮಂದಿ ಬರೆದರು. ಕೆಲವರ ಉತ್ತರಪತ್ರಿಕೆಗಳನ್ನು ಆಮೇಲೆ ಹಣಕ್ಕಾಗಿ ತಿದ್ದಿ ತುಂಬಿದ್ದಾರೆಂಬ ಆರೋಪವು ೨೦೨೨ರಲ್ಲಿ ಹೊರಬಿದ್ದು, ಸಿ.ಐ.ಡಿ.ಯವರು ತನಿಖೆಗೆ ತೊಡಗಿ, ಅಭ್ಯರ್ಥಿಗಳೂ ಮಧ್ಯವರ್ತಿಗಳೂ ಮಾತ್ರವಲ್ಲದೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೂ ಬಂಧಿತರಾದರು. ಆ ವರ್ಷದ ಏಪ್ರಿಲಿನಲ್ಲಿ ಸರ್ಕಾರವು ಪರೀಕ್ಷೆಯನ್ನೇ ರದ್ದುಮಾಡಿತು. ೨೦೨೩ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ೨೦೨೪ರ ಜನವರಿ ೨೩ರಂದು ಮರುಪರೀಕ್ಷೆಯನ್ನು ನಡೆಸಿದರು. ಈ ಎರಡೂಕಾಲು ವರ್ಷಗಳಲ್ಲಿ, ಪ್ರಾಮಾಣಿಕವಾಗಿ ಓದಿ ಗೆದ್ದ ಮಕ್ಕಳು ಏನೂ ತಪ್ಪು ಮಾಡದೆ ಕಾದು ಕುಳಿತರು. ಮತ್ತೆ ಮೊದಲಿನಿಂದ ಓದಿದರು. ಅವರ ತಾಯಿತಂದೆಗಳ ಸಂಕಟವನ್ನು ಬಲ್ಲವರೇ ಬಲ್ಲರು.

ಅಡಿಕೆಯ ತೋಟದ ಮೇಲೆ ಸಾಲ ತೆಗೆದಾದರೂ ಮಗನಿಗೆ ಒಂದು ಕೆಲಸವನ್ನು ಕೊಡಿಸಿಬಿಡಬೇಕೆಂದು ಯೋಚಿಸುವ ಗೃಹಸ್ಥರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ಆ ಸಾಲಕ್ಕೆ ಬಡ್ಡಿ ಬೆಳೆಯುವುದು. ಅದನ್ನು ಸಂಬಳದಿಂದ ತೀರಿಸಿದರೆ ಮನೆ ನಡೆಯದು. ಹಾಗಾದರೆ ಅದನ್ನು ಯಾರು ತೀರಿಸಬೇಕು? ಸರ ಕಳೆದುಕೊಂಡು ದೂರು ಕೊಡಲು ಬಂದ ವಿಧವೆಯು ತೀರಿಸಬೇಕು. ಎತ್ತು ಕಳವಾದ ರೈತನು ತೀರಿಸಬೇಕು. ಮಗನನ್ನು ಠಾಣೆಯಲ್ಲಿ ಕೂರಿಸಿದ್ದಾರೆಂದು ಕೇಳಿ ಓಡಿಬಂದ ತಂದೆಯು ತೀರಿಸಬೇಕು. ಮನೆಯಿಂದ ಹೊರಡುವಾಗ ಕೆಡದಿದ್ದ ಹುಡುಗನನ್ನು ಹೆತ್ತವರೇ ಕೆಡಿಸಿ ಕಳುಹಿಸಿದಂತಾಯಿತು. ತಿಳಿನೀರಿಗೆ ವಿಷವನ್ನು ಬೆರೆಸಬೇಡಿರೆಂದು ಕೌಟಿಲ್ಯನು ಹೇಳಿದುದು ಅರಸರಿಗಾದರೂ, ಅದು ಇಂದು ನಮ್ಮ ಮನೆಗಳಿಗೇ ಸಲ್ಲತಕ್ಕ ಮಾತು. ಇಷ್ಟಾಗಿಯೂ ದಲ್ಲಾಳಿಯು ಕೊನೆಗೆ ಕೈಕೊಟ್ಟರೆ ಹಣವೂ ಇಲ್ಲ, ಕೆಲಸವೂ ಇಲ್ಲ, ದೂರು ಕೊಡೋಣವೆಂದರೆ ಮುಖವೂ ಇಲ್ಲ.

ಪಾಲಿಸುವ ಮನಸ್ಸು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಒಬ್ಬ ಮನುಷ್ಯನು ಠಾಣೆಯ ಒಳಗೆ ಬಂದು, ಬಾಗಿಲು ಮುಚ್ಚಿ, ಹೊರಗಿನವರ ಕಣ್ಣಿಗೆ ಬೀಳದಿರುವ ಸಮಯದಲ್ಲಿ. ೨೦೨೪ರ ಮೇ ೨೪ರ ರಾತ್ರಿಯನ್ನು ಚನ್ನಗಿರಿಯವರು ಮರೆತಿಲ್ಲ. ವಿಚಾರಣೆಗೆಂದು ಠಾಣೆಗೆ ಕರೆತರಲ್ಪಟ್ಟಿದ್ದ ಒಬ್ಬನು ಮೃತನಾದನು. ಪೊಲೀಸರ ಹಿಂಸೆಯೇ ಕಾರಣವೆಂದು ಅವನ ಕಡೆಯವರು ಹೇಳಿದರು; ಅಸ್ವಸ್ಥತೆಯೇ ಕಾರಣವೆಂದು ಸರ್ಕಾರದವರು ಹೇಳಿದರು. ಜನರು ಗುಂಪುಗೂಡಿ ಠಾಣೆಯ ಮೇಲೆ ಕಲ್ಲು ತೂರಿದರು, ವಾಹನಗಳು ಜಖಂಗೊಂಡವು, ಪೊಲೀಸಿನವರಿಗೂ ಗಾಯಗಳಾದವು. ಇಬ್ಬರು ಅಧಿಕಾರಿಗಳನ್ನು ಅಮಾನತಿನಲ್ಲಿಟ್ಟು, ತನಿಖೆಯನ್ನು ಸಿ.ಐ.ಡಿ.ಗೆ ಒಪ್ಪಿಸಿದರು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಸ್ಥಾನದ ಕೆಲಸ; ಈ ಪುಟದ ಕೆಲಸವಲ್ಲ. ಆದರೆ ಒಂದು ಮಾತನ್ನು ಯಾರಾದರೂ ಒಪ್ಪುವರು. ಠಾಣೆಯ ಒಳಗೆ ನಡೆದುದನ್ನು ಊರು ನಂಬದಂಥ ಸ್ಥಿತಿ ಬಂದರೆ, ಮನೆಯವರು ಮನುಷ್ಯನನ್ನು ಕಳೆದುಕೊಳ್ಳುವುದಲ್ಲದೆ ಊರು ತನ್ನ ಕಾವಲನ್ನೂ ಕಳೆದುಕೊಳ್ಳುವುದು. ಕಲ್ಲು ತೂರಿದ ಕೈಯೂ ನಾಳೆ ಕಳವಾದಾಗ ಅದೇ ಠಾಣೆಯ ಕದವನ್ನು ತಟ್ಟಬೇಕಷ್ಟೆ.

ಆದಕಾರಣ ಠಾಣಾಧಿಕಾರಿಯಾಗುವವನೂ, ಅವನನ್ನು ಕಾಣಬೇಕಾಗುವ ಗೃಹಸ್ಥನೂ ಕೆಲವು ನಿಯಮಗಳನ್ನು ತಿಳಿದಿರಬೇಕು. ದಸ್ತಗಿರಿ ಮಾಡಿದವನನ್ನು ಪ್ರಯಾಣದ ಕಾಲವನ್ನು ಬಿಟ್ಟು ೨೪ ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ನಮ್ಮ ಸಂವಿಧಾನದ ೨೨ನೆಯ ಅನುಚ್ಛೇದವು ಹೇಳುತ್ತದೆ. ದಸ್ತಗಿರಿ ಮಾಡುವ ಅಧಿಕಾರಿಯು ತನ್ನ ಹೆಸರಿನ ಫಲಕವನ್ನು ಧರಿಸಿರಬೇಕು, ದಸ್ತಗಿರಿಯ ಪತ್ರವನ್ನು ಸಾಕ್ಷಿಯ ರುಜುವಿನೊಂದಿಗೆ ಬರೆಯಬೇಕು, ಬಂಧುಗಳಿಗೆ ತಿಳಿಸಬೇಕು, ೪೮ ಗಂಟೆಗಳಿಗೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ವಿಧಿಸಿತು. ಠಾಣೆಗಳಲ್ಲೆಲ್ಲ ಕ್ಯಾಮರಾಗಳನ್ನು ಇಡಬೇಕೆಂದು ೨೦೨೦ರಲ್ಲಿ ಆಜ್ಞೆ ಮಾಡಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧವು ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರನ್ನು ಬರೆದುಕೊಳ್ಳಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುಗಾರನಿಗೆ ಹಣವಿಲ್ಲದೆ ಕೊಡಬೇಕು. ಹೆಂಗಸರನ್ನೂ, ೧೫ ವರ್ಷದೊಳಗಿನ ಹುಡುಗರನ್ನೂ, ೬೦ ದಾಟಿದ ಗಂಡಸರನ್ನೂ ಸಾಕ್ಷಿ ಹೇಳುವುದಕ್ಕೆಂದು ಠಾಣೆಗೆ ಎಳೆಯುವಂತಿಲ್ಲ; ಅವರಿರುವಲ್ಲಿಗೇ ಬಂದು ಕೇಳಬೇಕು.

ಈ ನಿಯಮಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಮೊದಲನೆಯ ಅರ್ಹತೆಗೆ ಅಷ್ಟು ಸಾಕು. ನಡುರಾತ್ರಿಯಲ್ಲಿ, ಮೇಲಿನವರು ಬೇಗನೆ ಕಳ್ಳನನ್ನು ಹಿಡಿಯೆಂದು ಒತ್ತಾಯಿಸುತ್ತಿರುವಾಗ, ಎದುರಿಗೆ ದಿಕ್ಕಿಲ್ಲದವನೊಬ್ಬನು ನಿಂತಿರುವಾಗ ಇವನ್ನು ಪಾಲಿಸುವುದು ಎರಡನೆಯ ಅರ್ಹತೆ. ಕೌಟಿಲ್ಯನು ಹೇಳಿದ 'ಭಯ'ದ ಪರೀಕ್ಷೆಯೂ ಇಲ್ಲಿಯೇ ಉಂಟು. ತನ್ನ ಮಾತನ್ನು ಕೇಳದಿದ್ದರೆ ನಾಳೆಯೇ ವರ್ಗಾವಣೆ ಮಾಡಿಸುವೆನೆಂದು ಪ್ರಬಲನೊಬ್ಬನು ಹೆದರಿಸಿದಾಗ, ಗಂಟುಮೂಟೆಯನ್ನು ಕಟ್ಟಲು ಸಿದ್ಧನಾದವನೇ ಆ ಪರೀಕ್ಷೆಯಲ್ಲಿ ಶುದ್ಧನು. ಇಂಥವರಿಗೆ ಆಸರೆಯಾಗಲೆಂದೇ ೨೦೦೬ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯ ತೀರ್ಪಿನಲ್ಲಿ, ಠಾಣಾಧಿಕಾರಿಯೂ ಜಿಲ್ಲೆಯ ಮುಖ್ಯಾಧಿಕಾರಿಯೂ ಒಂದೆಡೆ ಕಡಿಮೆ ಪಕ್ಷ ೨ ವರ್ಷವಾದರೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿತು. ಗೃಹಿಣಿಯರು ಇದನ್ನು ಗಮನಿಸಬೇಕು. ಪ್ರಾಮಾಣಿಕ ಅಧಿಕಾರಿಯ ಬೆನ್ನ ಹಿಂದೆ ಊರಿಂದೂರಿಗೆ ಪಾತ್ರೆಪಡಗಗಳನ್ನು ಹೊತ್ತು ನಡೆಯಲು ಗೊಣಗದ ಮನೆಯವಳಿದ್ದರೆ ಅವನ ಅರ್ಹತೆಯ ಅರ್ಧಭಾಗವು ಅವಳದೇ.

ಮಗನಾಗಲಿ ಮಗಳಾಗಲಿ ಈ ಕೆಲಸವನ್ನು ಬಯಸಿದರೆ ಹಿರಿಯರು ಮಾಡಬೇಕಾದುದು ಬಹಳವಿಲ್ಲ. ಬೆಳಗಿನ ಜಾವದಲ್ಲಿ ಎಬ್ಬಿಸಿ ಓಟಕ್ಕೆ ಕಳುಹಿಸಿರಿ. ದಿನಕ್ಕೊಂದು ಪುಟವನ್ನು ಕನ್ನಡದಲ್ಲಿಯೂ ಒಂದು ಪುಟವನ್ನು ಇಂಗ್ಲಿಷಿನಲ್ಲಿಯೂ ಬರೆಯಿಸಿರಿ. ವೃತ್ತಪತ್ರಿಕೆಯನ್ನು ಓದಿಸಿ, ಓದಿದುದನ್ನು ನಾಲ್ಕು ಮಾತುಗಳಲ್ಲಿ ಹೇಳಿಸಿರಿ. ಸುಳ್ಳು ಆದಾಯಪತ್ರವನ್ನು ಅವರ ಕೈಯಲ್ಲಿ ಹಿಡಿಸಬೇಡಿರಿ. ಬಸ್ಸಿನಲ್ಲಿ ಚೀಟಿಯಿಲ್ಲದೆ ಬಂದುದನ್ನು ಜಾಣತನವೆಂದು ಮೆಚ್ಚಬೇಡಿರಿ. ಮನೆಯ ಕೆಲಸದಾಳಿನ ಮೇಲೆ ಕಳವಿನ ಸಂಶಯ ಬಂದಾಗ ನೀವು ಹೇಗೆ ವಿಚಾರಿಸುತ್ತೀರೆಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. ಅವರ ಮೊದಲನೆಯ ಪೊಲೀಸು ಶಿಕ್ಷಣವು ಅದೇ. ಮೊದಲು ಬೈದು ಆಮೇಲೆ ಹುಡುಕಿದರೆ ಅವರೂ ಹಾಗೆಯೇ ಕಲಿಯುವರು. ಮೊದಲು ಹುಡುಕಿ ಆಮೇಲೆ ಮಾತನಾಡಿದರೆ ಅದನ್ನೂ ಕಲಿಯುವರು.

ಪರೀಕ್ಷೆಯಲ್ಲಿ ಎಲ್ಲರೂ ಗೆಲ್ಲಲಾರರು. ಸ್ಥಾನಗಳು ನೂರಾರು, ಬಯಸುವವರು ಸಹಸ್ರಾರು. ಸೋತ ಮಗುವನ್ನು ಹಳಿಯಬೇಡಿರಿ. ನೇರವಾದ ದಾರಿಯಲ್ಲಿ ಸೋತವನು ಗೆದ್ದವನಷ್ಟೇ ತಲೆಯೆತ್ತಿ ನಡೆಯಬಹುದು, ಬೇರೆ ಹತ್ತು ಕೆಲಸಗಳನ್ನು ಮಾಡಬಹುದು. ಗೆದ್ದವನಿಗೆ ಮೊದಲ ದಿನ ಠಾಣೆಗೆ ಹೊರಡುವಾಗ ಇಷ್ಟು ಹೇಳಿ ಕಳುಹಿಸಿದರೆ ಸಾಕು: 'ಅಪ್ಪಾ, ನಿನ್ನ ಮುಂದೆ ಬಂದು ನಿಂತವರು ಯಾರೇ ಆಗಲಿ, ಅವರ ಮನೆಯಲ್ಲಿಯೂ ಯಾರೋ ಊಟ ಮಾಡದೆ ಕಾಯುತ್ತಿರುತ್ತಾರೆ.'